ಗಂಡನೂ ಸೋದರಮಾವನೂ ಒಬ್ಬನೇ ಆದಾಗ

ಗಂಡ ಹೆಂಡತಿ ಆದವರು ಒಬ್ಬರಿಗೊಬ್ಬರು ರಕ್ತಸಂಬಂಧಿಗಳಾಗಿರಲು ಸಾಧ್ಯವಿಲ್ಲ. ಈ ಒಂದು ಸಾಲಿನ ನಿಯಮಕ್ಕೆ ಒಂದು ಶುಕ್ರವಾರ ಸಂಜೆ ನವಿ ಮುಂಬೈಯ ರಬಾಳೆಯ ಆಫೀಸಿನಲ್ಲಿ ಕೂತು ನಾನು ‘ಸರಿ ಇದೆ’ ಎಂದು ಒಪ್ಪಿಗೆ ಕೊಟ್ಟೆ. ಕೊಡುವಾಗ, ನನ್ನ ಅಪ್ಪ ನನ್ನ ಅವ್ವನಿಗೆ ಖಾಸಾ ಸೋದರಮಾವ ಎಂಬುದು ನನಗೆ ಮರೆತಿರಲಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ಮನೆತನ. ಅಪ್ಪ ಹದಿಹರೆಯದಲ್ಲೇ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಅರಿವೆ ಅಂಗಡಿಯಲ್ಲಿ ನಿಂತು, ಆಮೇಲೆ ತನ್ನ ಅಕ್ಕನ ಮಗಳನ್ನೇ ಮಾಡಿಕೊಂಡ. ಹಾಗಾಗಿ ನನ್ನ ತಾಯಿಯ ತಾಯಿ ನನಗೆ ಅಜ್ಜಿಯೂ ಹೌದು, ಅಪ್ಪನ ಅಕ್ಕನಾದ್ದರಿಂದ ಅತ್ತೆಯೂ ಹೌದು. ನಮ್ಮ ಕಡೆ ಇದರಲ್ಲಿ ವಿಶೇಷ ಏನಿಲ್ಲ. ಆದರೆ ನಾಲ್ಕನೇ ಇಯತ್ತೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಮರಾಠಿ ಹುಡುಗಿಗೆ ಇದನ್ನು ಹೇಳಿದೆ. ಅವಳು ಮನೆಯಲ್ಲಿ ಹೇಳಿದಳು. ಮರುದಿನ ಬಂದವಳು ನನ್ನ ಮುಖವನ್ನು ಗಾಯ ನೋಡಿದ ಹಾಗೆ ನೋಡಿದಳು. ಅಂದಿನಿಂದ ಆ ಮಾತು ಮನೆಯ ಹೊಸ್ತಿಲು ದಾಟಲಿಲ್ಲ.

ಮನೆಯೊಳಗೂ ಅದು ಮಾತಾಗುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ತಮ್ಮ. ನನಗಿಂತ ನಾಲ್ಕು ವರ್ಷ ಚಿಕ್ಕವನು, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಅದು ಗೊತ್ತಾಗುವಷ್ಟರಲ್ಲಿ ಅವನಿಗೆ ಮೂರು ವರ್ಷ ಆಗಿತ್ತು, ಮಾತು ಬರುವ ವಯಸ್ಸು ಕೈ ಮೀರಿತ್ತು. ಊರಲ್ಲಿ ಯಾವುದೋ ಮದುವೆಯಲ್ಲಿ ಒಬ್ಬ ಸಂಬಂಧಿ ಹೆಂಗಸು, “ಒಳಗಿಂದೊಳಗ ಕೊಟ್ಟು ತಗೊಂಡ್ರ ಹಿಂಗ ಆಗತೈತಿ ನೋಡು” ಎಂದು ಅವ್ವನಿಗೆ ಕೇಳುವ ಹಾಗೆಯೇ ಅಂದಳು. ಆಮೇಲೆ ಎಷ್ಟೋ ವರ್ಷ ಅವ್ವ ಊರಿನ ಮದುವೆಗಳಿಗೆ ಹೋಗಲಿಲ್ಲ. ತಮ್ಮ ಈಗ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಗ್ರೈಂಡಿಂಗ್ ಮಷೀನಿನ ಮೇಲೆ ಕೆಲಸ ಮಾಡುತ್ತಾನೆ. ಅಪ್ಪ ತೀರಿಕೊಂಡ ಮೇಲೆ ನಾವು ಮೂವರೂ ಡೊಂಬಿವಲಿಯ ಅದೇ ಎರಡು ಕೋಣೆಯ ಮನೆಯಲ್ಲಿದ್ದೇವೆ. ನಾನು ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ.

ನನ್ನ ಕೆಲಸದ ಬಗ್ಗೆ ಒಂದಿಷ್ಟು ಹೇಳಬೇಕು. ಒಂದೇ ಸಂಸ್ಥೆಯಲ್ಲಿ ಬೇರೆ ಬೇರೆ ಕಾಲಕ್ಕೆ, ಬೇರೆ ಬೇರೆ ಜನ ಮಾಡಿಟ್ಟ ಕಂಪ್ಯೂಟರ್ ವ್ಯವಸ್ಥೆಗಳು ಇರುತ್ತವೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಎಲ್ಲವೂ ಸೇರಿ ಕೆಲಸ ಮಾಡಬೇಕಾದರೆ ಮೊದಲು ಅರ್ಥ ಒಂದಾಗಬೇಕು. ಅದಕ್ಕೆ ನಾವು ಆಂಟಾಲಜಿ ಎಂಬುದನ್ನು ಕಟ್ಟುತ್ತೇವೆ. ಒಂದು ನಮೂನೆಯ ನಿಘಂಟು ಅನ್ನಿ, ಆದರೆ ಅದರಲ್ಲಿ ಪದಗಳ ಜೊತೆ ನಿಯಮಗಳೂ ಇರುತ್ತವೆ. ತಾಯಿ ಅಂದರೆ ಹೆಂಗಸು. ಮಗು ತಾಯಿಗಿಂತ ಮೊದಲು ಹುಟ್ಟಿರಲಾರದು. ಯಾರೂ ತಮಗೆ ತಾವೇ ತಂದೆಯಾಗಲಾರರು. ಇಷ್ಟನ್ನು ಹೇಳಿಕೊಟ್ಟರೆ, ತರ್ಕ ಮಾಡುವ ಒಂದು ಪ್ರೋಗ್ರಾಮ್ ಎಲ್ಲ ದಾಖಲೆಗಳನ್ನೂ ಜರಡಿ ಹಿಡಿದು, ನಿಯಮಕ್ಕೆ ಒಗ್ಗದ್ದನ್ನು ಕೆಂಪು ಮಾಡಿ ತೋರಿಸುತ್ತದೆ. ಹದಿನೆಂಟು ವರ್ಷದಿಂದ ಇದೇ ಕೆಲಸ. ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್ ಗಾಡಿ, ಅಲ್ಲಿಂದ ರಬಾಳೆಗೆ ಇನ್ನೊಂದು. ನಡುವಿನ ದಿವಾ ಸ್ಟೇಶನ್ನಿನಲ್ಲಿ ಹೆಂಗಸರ ಡಬ್ಬಕ್ಕೆ ಜನ ನುಗ್ಗುವಾಗ ಎದೆಗೆ ಬ್ಯಾಗು ಒತ್ತಿ ಹಿಡಿದು ನಿಲ್ಲುವುದು ಉಸಿರಾಡುವಷ್ಟೇ ರೂಢಿಯಾಗಿದೆ.

ಆ ವರ್ಷ ನಮಗೆ ಬಂದದ್ದು ಒಂದು ಟ್ರಸ್ಟಿನ ಕೆಲಸ. ಅವರದು ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ಹೆರಿಗೆ ಆಸ್ಪತ್ರೆ, ಠಾಣೆಯಲ್ಲಿ ಕಿವಿ ಪರೀಕ್ಷೆಯ ಕೇಂದ್ರ, ನವಿ ಮುಂಬೈಯಲ್ಲಿ ಕೇಳಿಸದ ಮಕ್ಕಳಿಗೆ ಮಾತು ಕಲಿಸುವ ಶಾಲೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ‘ಪೇಶಂಟ್’ ಆಗಿದ್ದ ಮಗು ಕೇಂದ್ರಕ್ಕೆ ಹೋದರೆ ‘ಕೇಸ್’, ಶಾಲೆಗೆ ಹೋದರೆ ‘ಸ್ಟೂಡೆಂಟ್’. ಮೂರೂ ಒಂದೇ ಮಗು ಎಂದು ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ. ಟ್ರಸ್ಟಿನವರ ಆಸೆ ದೊಡ್ಡದೇನಲ್ಲ. ಕಲ್ಯಾಣದಲ್ಲಿ ಮಗು ಹುಟ್ಟಿದಾಗ ಮನೆತನದ ವಿವರ ನೋಡಿ, ಕಿವಿಯ ತೊಂದರೆ ಬರುವ ಸಂಭವ ಇದ್ದರೆ ಠಾಣೆಯ ಕೇಂದ್ರಕ್ಕೆ ತಾನಾಗಿ ಸೂಚನೆ ಹೋಗಬೇಕು. ಅವರು ತಿಂಗಳೊಳಗೆ ಫೋನ್ ಮಾಡಿ ಮಗುವನ್ನು ಕರೆಸಬೇಕು. ಪರೀಕ್ಷೆಯ ಯಂತ್ರ ಒಂದೇ ಇದ್ದದ್ದರಿಂದ ಎಲ್ಲ ಮಕ್ಕಳನ್ನೂ ಕರೆಸಲು ಆಗುತ್ತಿರಲಿಲ್ಲ. ಸೂಚನೆ ಹೋದವರು ಮೊದಲು, ಉಳಿದವರು ತಾವಾಗಿ ಬಂದರೆ ಆಮೇಲೆ.

ಈ ಕೆಲಸ ಬಂದಾಗ ನನಗೆ ನಿಜವಾಗಿ ಖುಷಿಯಾಗಿತ್ತು. ತಮ್ಮನಿಗೆ ಕೈಸನ್ನೆಯಲ್ಲಿ ಹೇಳಿದೆ. ಅವನು ಹೆಬ್ಬೆರಳು ಎತ್ತಿ, ಊಟ ಮುಂದುವರಿಸಿದ.

ನಮ್ಮ ಟೀಮಿನ ಲೀಡ್ ಬೆಂಗಳೂರಿನವನು, ನನಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನೇ. ಸಂಬಂಧಗಳ ಭಾಗಕ್ಕೆ ಅವನು ಎಲ್ಲಿಂದಲೋ ಸಿದ್ಧ ಮಾದರಿಯೊಂದನ್ನು ತಂದು ಸೇರಿಸಿದ್ದ. “ಮೇಡಂ, ಇದು ರೆಡಿಮೇಡ್, ಎಲ್ರೂ ಯೂಸ್ ಮಾಡ್ತಾರೆ. ಒಂದ್ಸಲ ನೋಡಿ ಅಪ್ರೂವ್ ಮಾಡ್ಬಿಡಿ, ಸೋಮವಾರ ಡೆಮೊ ಇದೆ” ಅಂದ. ನೋಡಿದೆ. ಗಂಡ ಹೆಂಡತಿಯ ಬಗೆಗಿನ ಆ ಸಾಲು ಅಲ್ಲಿತ್ತು. ನನ್ನ ಕಣ್ಣು ಅದರ ಮೇಲೆ ಬಹಳ ಹೊತ್ತು ನಿಂತಿತು. ತಪ್ಪು ಎಂದು ಹೇಳಬೇಕಿತ್ತು. ಹೇಳಿದರೆ, ನಿಮಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳುತ್ತಿದ್ದರು. ಪುಸ್ತಕದಲ್ಲಿ ಓದಿದೆ ಎನ್ನಬಹುದಿತ್ತು, ಅದೂ ಹೊಳೆಯಲಿಲ್ಲ. ವಾರವೆಲ್ಲ ಗಾಡಿಯಲ್ಲಿ ನಿಂತು ಓಡಾಡಿ ಕಾಲು ಬಾತಿದ್ದವು. ಒಪ್ಪಿಗೆ ಒತ್ತಿ ಸ್ಟೇಶನ್ನಿಗೆ ನಡೆದೆ.

ಮೂರು ವಾರದ ಮೇಲೆ ಕಲ್ಯಾಣದ ಹಳೆಯ ದಾಖಲೆಗಳನ್ನು ಹೊಸ ವ್ಯವಸ್ಥೆಗೆ ಸುರಿದಾಗ ಪರದೆಯ ತುಂಬ ಕೆಂಪು. ಟೀಮಿನಲ್ಲಿದ್ದ ಠಾಣೆಯ ಹುಡುಗಿ ಒಂದನ್ನು ತೆರೆದು ಓದಿದಳು. ಒಬ್ಬ ಹೆಂಗಸು, ಅವಳ ಗಂಡ ಒಬ್ಬ ವ್ಯಕ್ತಿ. ಅವಳ ತಾಯಿಯ ತಮ್ಮ ಎಂದು ಬರೆದಿದ್ದೂ ಅದೇ ವ್ಯಕ್ತಿ.

“ಅಗ್ಗಬಾಈ, ಮಾಮಾಶೀ ಲಗ್ನ?” ಎಂದು ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು, ಸೋದರಮಾವನ ಜೊತೆ ಮದುವೆಯೇ ಎಂದು. “ಟೈಪ್ ಮಾಡಿದವರು ನಿದ್ದೆಯಲ್ಲಿದ್ದರು!”

ಎಲ್ಲರೂ ನಕ್ಕರು. ಲೀಡ್ ಕೂಡ ನಕ್ಕ. ನಾನೂ ತುಟಿ ಅಗಲಿಸಿದೆ. ಹೀಗೆ ಕೆಂಪಾದವು ಒಂದೆರಡಲ್ಲ, ಪುಟಗಟ್ಟಲೆ ಇದ್ದವು. ಒಂದೇ ತಪ್ಪನ್ನು ಅಷ್ಟು ಸಲ ಯಾರಾದರೂ ಮಾಡುತ್ತಾರೆಯೇ ಎಂದು ಒಬ್ಬರೂ ಕೇಳಲಿಲ್ಲ. ಎರಡು ಸಂಬಂಧಗಳಲ್ಲಿ ಗಂಡ ಎಂಬುದನ್ನು ಉಳಿಸಿ, ಮಾವ ಎಂಬುದನ್ನು ತೆಗೆಯುವುದು, ಮುಂದೆ ಬರುವ ದಾಖಲೆಗಳಿಗೂ ಹಾಗೆಯೇ ಮಾಡುವುದು ಎಂದು ತೀರ್ಮಾನವಾಯಿತು. ನಮ್ಮ ಭಾಷೆಯಲ್ಲಿ ಇದಕ್ಕೆ ಡೇಟಾ ಸ್ವಚ್ಛ ಮಾಡುವುದು ಎನ್ನುತ್ತಾರೆ. ಆ ಪ್ರೋಗ್ರಾಮನ್ನು ಓಡಿಸಿದ್ದು ನಾನೇ. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಕೆಂಪೆಲ್ಲ ಹೋಗಿ ಹಸಿರಾಯಿತು. ಎಲ್ಲರಿಗೂ ಚಹಾ ಬಂತು.

ಕಲ್ಯಾಣದ ಹಳೆಯ ಕಂಪ್ಯೂಟರನ್ನು ಬಂದ್ ಮಾಡಿದರು. ಹೊಸದು ಚೆನ್ನಾಗಿಯೇ ನಡೆಯುತ್ತಿದೆ ಎಂದು ಟ್ರಸ್ಟಿನವರು ಪತ್ರ ಬರೆದರು. ನಾನು ಬೇರೆ ಕೆಲಸಕ್ಕೆ ಹೋದೆ.

ಒಂದೂವರೆ ವರ್ಷದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಕಲ್ಯಾಣದ ಆಸ್ಪತ್ರೆಯಲ್ಲಿ ಬಾಣಂತಿಯರ ಪಕ್ಕ ಕೂತು ಮನೆತನದ ಫಾರ್ಮು ತುಂಬುವ ಸಮಾಜ ಕಾರ್ಯಕರ್ತೆ. ಐವತ್ತು ದಾಟಿದ ಮರಾಠಿ ಹೆಂಗಸು. ಕೆಲಸದ ಶುರುವಿನಲ್ಲಿ ಒಮ್ಮೆ ಭೇಟಿಯಾಗಿದ್ದೆ. ಹಿಂದಿಯಲ್ಲಿ ಮಾತಾಡಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಸರ ಇತ್ತು.

“ಮ್ಯಾಡಮ್, ಮೈನೆ ತೋ ಲಿಖಾ ಥಾ. ನಾನು ಬರೆದಿದ್ದೆ. ಕಾಗದದಲ್ಲಿ ಇದೆ, ನಿಮ್ಮ ಸಿಸ್ಟಮಿನಲ್ಲಿ ಇಲ್ಲ. ಆ ತಾಯಿ ಈಗ ನನ್ನ ಎದುರು ಕೂತಿದ್ದಾಳೆ. ನಿಮ್ಮ ಕಡೆಯವಳೇ, ಕರ್ನಾಟಕದವಳು. ಒಮ್ಮೆ ಬರುತ್ತೀರಾ?”

ಅರ್ಧ ದಿನ ರಜೆ ಹಾಕಿ ಹೋದೆ. ಗಾಡಿಯಲ್ಲಿ ಕೂರಲು ಜಾಗ ಸಿಕ್ಕರೂ ಕೂರಲಿಲ್ಲ.

ತಾಯಿಗೆ ಇಪ್ಪತ್ತೈದು ಇಪ್ಪತ್ತಾರು ಇರಬಹುದು. ಕಲಬುರ್ಗಿ ಕಡೆಯವಳು, ದಿವಾದಲ್ಲಿ ಬಾಡಿಗೆ ಖೋಲಿ, ಗಂಡ ಕಿರಾಣಿ ಸಾಮಾನಿನ ಡಿಸ್ಟ್ರಿಬ್ಯೂಟರ್ ಹತ್ತಿರ ಕೆಲಸಕ್ಕೆ. ತೊಡೆಯ ಮೇಲೆ ಒಂದೂವರೆ ವರ್ಷದ ಹೆಣ್ಣು ಕೂಸು, ಅವ್ವನ ಸೆರಗಿನ ಅಂಚು ಬಾಯಲ್ಲಿ ಇಟ್ಟುಕೊಂಡಿತ್ತು. ಕಾರ್ಯಕರ್ತೆ ಕೂಸಿನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಿಂದ ಹೊಡೆದು ತೋರಿಸಿದರು. ನಾನು ಬೆಚ್ಚಿದೆ. ಕೂಸು ಸೆರಗು ಚೀಪುತ್ತಲೇ ಇತ್ತು.

ನಾನು ಕನ್ನಡದಲ್ಲಿ ಮಾತಾಡಿಸಿದ ಕೂಡಲೇ ಆ ತಾಯಿಯ ಮುಖ ಸಡಿಲಾಯಿತು.

“ಹೆರಿಗಿ ಆದಾಗ ಈ ಮೇಡಮ್ಮೋರು ಕೇಳಿದ್ರಿ, ಗಂಡ ನಿನಗ ಮೊದಲೇ ಏನರ ಸಂಬಂಧ ಏನು ಅಂತ. ನಮ್ಮ ಸೋದರಮಾವನೇ ಅದಾರ್ರಿ ಅಂತ ಬರಸಿದ್ನಿ. ಅಂಥಾದ್ದಿದ್ರ ಠಾಣಾದಿಂದ ಫೋನ್ ಬರ್ತದ, ಕೂಸಿನ ಕಿವಿ ನೋಡ್ತಾರ ಅಂದಿದ್ರು. ಫೋನ್ ಬರಲಿಲ್ಲ. ಬರಲಿಲ್ಲ ಅಂದ್ರ ಎಲ್ಲಾ ಛಲೋ ಅದ ಅಂತ ತಿಳಕೊಂಡೆವ್ರಿ.”

ಕಾರ್ಯಕರ್ತೆ ನೀಲಿ ಶಾಯಿಯಲ್ಲಿ ಬರೆದ ಫಾರ್ಮನ್ನು ನನ್ನ ಮುಂದೆ ಸರಿಸಿದರು. ಗಂಡನ ಹೆಸರಿನ ಪಕ್ಕದಲ್ಲೇ, ಮರಾಠಿಯಲ್ಲಿ, ‘ಸಖ್ಖಾ ಮಾಮಾ’ ಎಂದಿತ್ತು, ಖಾಸಾ ಮಾವ ಎಂದು. ಓದುವವರು ತಪ್ಪು ಎಂದುಕೊಳ್ಳಬಾರದು ಎಂದು ಕೆಳಗೆ ಎರಡು ಗೆರೆ ಎಳೆದಿದ್ದರು.

“ಹೊಸಬರು ಟೈಪ್ ಮಾಡುವಾಗ ತಿದ್ದಿಬಿಡುತ್ತಾರೆ ಎಂದು ನಾನು ಪಕ್ಕದಲ್ಲೇ ನಿಂತು ಹೊಡೆಸಿದ್ದೆ” ಅಂದರು.

 ಕಂಪ್ಯೂಟರಿನ ತಪ್ಪು ಎನ್ನುವುದು ಸುಲಭವಿತ್ತು. ಅದನ್ನೇ ಅಂದೆ. 

ತಾಯಿ ಕೇಳಿದಳು, “ಅಕ್ಕಾರ, ಒಂದ್ ಮಾತು ಖರೇ ಹೇಳ್ರಿ. ಮಾವನ್ನ ಮಾಡಿಕೊಂಡಿದ್ದಕ್ಕೇ ಹಿಂಗ ಆತೇನ್ರಿ?”

“ಹಾಂಗ ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಸಂಭವ ಸ್ವಲ್ಪ ಜಾಸ್ತಿ ಇರ್ತೈತಿ ಅಷ್ಟ. ಎಷ್ಟೋ ಮಂದಿಗೆ ಏನೂ ಆಗಿರೂದಿಲ್ಲ” ಅಂದೆ. ಆಮೇಲೆ, ನಿಲ್ಲಿಸಲಾಗದೆ, “ನಮ್ಮ ಅಪ್ಪನೂ ನಮ್ಮ ಅವ್ವಗ ಸೋದರಮಾವ. ನನಗ ಕೇಳಸ್ತೈತಿ. ನನ್ನ ತಮ್ಮಗ ಕೇಳ್ಸೂದಿಲ್ಲ” ಅಂದುಬಿಟ್ಟೆ.

ಮನೆಯ ಹೊರಗೆ ನಾನು ಅದನ್ನು ಆಡಿದ್ದು ಶಾಲೆಯ ದಿನದ ನಂತರ ಅದೇ ಮೊದಲು. ಆಕೆ ನನ್ನನ್ನು ದಿಟ್ಟಿಸಿದಳು. ಆದರೆ ಆ ನೋಟ ಬೇರೆ ಇತ್ತು. “ಅವರು ಕೆಲಸ ಮಾಡ್ತಾರೇನ್ರಿ?” ಎಂದು ಕೇಳಿದಳು. ಮಾಡ್ತಾನ ಅಂದೆ. “ಒಬ್ಬರೇ ಗಾಡಿ ಹತ್ತತಾರ?” ಹತ್ತತಾನ ಅಂದೆ. ಆಕೆ ಕೂಸಿನ ನೆತ್ತಿ ಸವರಿದಳು.

ಆ ಸಂಜೆ ಮನೆಯಲ್ಲಿ ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ಕೇಳಿದೆ, “ಅವ್ವಾ, ತಮ್ಮಗ ಹಿಂಗಾದಾಗ ನಿನಗ ಏನನಿಸ್ತು?”

“ಈಗ್ಯಾಕ ಅದು?” ಅಂದಳು. ಕೈ ನಿಲ್ಲಲಿಲ್ಲ. “ಕುಕ್ಕರ್ ಇಡು ಹೋಗು.”

ಕುಕ್ಕರ್ ಇಟ್ಟೆ.

ಸೋಮವಾರ ಆಗಿನ ಲೀಡನ್ನೂ ಟೀಮನ್ನೂ ಕೂರಿಸಿ ಎಲ್ಲ ಹೇಳಿದೆ. ಆ ನಿಯಮ ತಪ್ಪು. ತಪ್ಪು ಎಂದು ಗೊತ್ತಿದ್ದೂ ನಾನು ಒಪ್ಪಿಗೆ ಕೊಟ್ಟೆ. ನಾವು ಅಳಿಸಿದ ದಾಖಲೆಗಳೆಲ್ಲ ನಿಜವಿದ್ದವು. ಯಾಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ.  ದನಿ ರೈಲಿನ ಅನೌನ್ಸ್‌ಮೆಂಟಿನ ಹಾಗೆ ಸಪಾಟಾಗಿ ಬಂತು. ಠಾಣೆಯ ಹುಡುಗಿ ತಲೆ ತಗ್ಗಿಸಿದಳು. “ಸಾರಿ ಮ್ಯಾಮ್, ಮಲಾ ಮಾಹಿತ್‌ಚ್ ನವ್ಹತಂ” ಅಂದಳು, ಗೊತ್ತೇ ಇರಲಿಲ್ಲ ಎಂದು. ಅವಳಿಗೆ ಗೊತ್ತಿರಬೇಕಾದ ಕಾರಣವೂ ಇರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಲೀಡ್ ಕೂತೇ ಇದ್ದ. ಲ್ಯಾಪ್‌ಟಾಪ್ ಮುಚ್ಚಿ, ತೆರೆದು, ಮತ್ತೆ ಮುಚ್ಚಿದ.

“ಮೇಡಂ, ನಮ್ ತಾತನೂ ನಮ್ಮಜ್ಜಿಗೆ ಸೋದರಮಾವನೇ.”

ನಾನು ಅವನ ಕಡೆ ತಿರುಗಿದೆ. “ಮತ್ತೆ ಆ ಸಾಲು?”

“ಓದ್ಲೇ ಇಲ್ಲ ಮೇಡಂ. ಹಂಗೇ ಇಂಪೋರ್ಟ್ ಮಾಡ್ಬಿಟ್ಟೆ. ಆಮೇಲೆ ಕೆಂಪು ಬಂತಲ್ಲ, ಆವಾಗ ಹೊಳೀತು. ಎಲ್ರೂ ನಗ್ತಿದ್ರು. ನಾನೂ ನಕ್ಕೆ.”

ನಾವಿಬ್ಬರೂ ಅದೇ ಕೋಣೆಯಲ್ಲಿ, ಅದೇ ಪರದೆಯ ಮುಂದೆ, ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ನಕ್ಕಿದ್ದೆವು. ಸಿಟ್ಟು ಬರಬೇಕಿತ್ತು. ದಣಿವು ಬಂತು.

ನಿಯಮ ತೆಗೆಯುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಕಳೆದದ್ದನ್ನು ತರುವುದು ಹಾಗಿರಲಿಲ್ಲ. ಹಳೆಯ ಕಂಪ್ಯೂಟರನ್ನು ಅಷ್ಟರಲ್ಲಿ ಗುಜರಿಗೆ ಹಾಕಿದ್ದರು, ನಾವು ಇಟ್ಟುಕೊಂಡಿದ್ದ ಪ್ರತಿಯೋ ಸ್ವಚ್ಛ ಮಾಡಿದ ಮೇಲಿನದು. ಉಳಿದದ್ದು ಕಾಗದ ಮಾತ್ರ. ಪ್ರತಿ ಶನಿವಾರ ನಾನು ಕಲ್ಯಾಣಕ್ಕೆ ಹೋಗತೊಡಗಿದೆ. ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ದಾರ ಕಟ್ಟಿದ ಫಾರ್ಮಿನ ಗಂಟುಗಳು. ಕಾರ್ಯಕರ್ತೆ ಓದುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಲೀಡ್ ಎರಡು ಶನಿವಾರ ಬಂದ, ಆಮೇಲೆ ಅವನಿಗೆ ಬೇರೆ ಊರಿಗೆ ವರ್ಗ ಆಯಿತು. ಯಾರಿಗೂ ಶಿಕ್ಷೆ ಆಗಲಿಲ್ಲ, ಯಾರೂ ನನ್ನನ್ನು ಬೈಯಲಿಲ್ಲ. ಕಂಪನಿ ಅದನ್ನು ‘ಡೇಟಾ ಸುಧಾರಣೆ’ ಎಂದು ಬರೆದುಕೊಂಡಿತು. ಬೈದಿದ್ದರೆ ಒಂದಿಷ್ಟು ಹಗುರಾಗುತ್ತಿತ್ತೋ ಏನೋ.

ಒಂದೊಂದು ಫಾರ್ಮು ಸಿಕ್ಕಾಗಲೂ ಅಲ್ಲಿಂದಲೇ ಫೋನ್ ಮಾಡುತ್ತಿದ್ದೆವು. ಕೆಲವರು ಬಂದರು. ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಏನೂ ತೊಂದರೆ ಇರಲಿಲ್ಲ. ಪ್ರತಿ ಸಲವೂ ಕಾರ್ಯಕರ್ತೆ ನನ್ನ ಮೊಣಕೈ ಒತ್ತುತ್ತಿದ್ದರು. ಇನ್ನೆಷ್ಟೋ ನಂಬರುಗಳು ಬಂದ್ ಆಗಿದ್ದವು. ಬಾಡಿಗೆಯ ಜನ, ಖೋಲಿ ಬದಲಿಸಿದರೆ ನಂಬರೂ ಬದಲಾಗುತ್ತದೆ. ಅವರ ಹೆಸರಿನ ಮುಂದೆ ನಾನು ‘ಸಂಪರ್ಕವಿಲ್ಲ’ ಎಂದು ಹೊಡೆಯುತ್ತಿದ್ದೆ. ಮನೆಗೆ ಬಂದು ಮಲಗಿದರೂ ಬೆರಳು ಅದೇ ಅಕ್ಷರಗಳನ್ನು ಹುಡುಕುತ್ತಿದ್ದವು.

ದಿವಾದ ಕೂಸಿಗೆ ಎರಡೂ ಕಿವಿಗೆ ಯಂತ್ರ ಕೊಟ್ಟರು. ವಾರಕ್ಕೆ ಮೂರು ದಿನ ತಾಯಿ ಅವಳನ್ನು ಎತ್ತಿಕೊಂಡು ನವಿ ಮುಂಬೈಯ ಶಾಲೆಗೆ ಹೋಗುತ್ತಿದ್ದಳು. ತಿಂಗಳೊಳಗೆ ಶುರು ಮಾಡಿದ್ದರೆ ಎಷ್ಟು ಬೇರೆ ಇರುತ್ತಿತ್ತು ಎಂದು ಅಲ್ಲಿನ ಟೀಚರನ್ನು ಒಮ್ಮೆ ಕೇಳಿದೆ. “ಅದನ್ನು ಕೇಳಬೇಡಿ” ಅಂದರು. ದಯೆಯಿಂದಲೇ ಅಂದರು.

ಒಂದು ಭಾನುವಾರ ಆ ತಾಯಿ ಫೋನ್ ಮಾಡಿ, “ನಿಮ್ಮ ತಮ್ಮನ್ನ ಒಂದ್ಸಲ ನೋಡಬೇಕಾಗ್ಯಾದ್ರಿ” ಅಂದಳು. ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಡೊಂಬಿವಲಿಗೆ ಬಂದಳು. ತಮ್ಮ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕೂತಿದ್ದ. ಕೂಸು ಅವನನ್ನು ನೋಡಿ ಅಳಲಿಲ್ಲ. ಅವನು ಅಂಗೈ ತೆರೆದು ಮುಚ್ಚಿ ಏನೋ ತೋರಿಸಿದ. ಅದೂ ತನ್ನ ಅಂಗೈ ತೆರೆದು ಮುಚ್ಚಿತು. ತಾಯಿ ಆ ಆಟವನ್ನು ಕಣ್ಣು ಮಿಟುಕಿಸದೆ ನೋಡಿದಳು.

ನಾನು ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಿಸುತ್ತಿದ್ದೆ. ಹೊರಗೆ ಅವ್ವ ಆಕೆಯನ್ನು ಊರು, ಮನೆತನ ಎಲ್ಲ ವಿಚಾರಿಸಿದಳು. ಆಮೇಲೆ ಅವಳ ದನಿ ತಗ್ಗಿತು. ನಾನು ಗ್ಯಾಸು ಸಣ್ಣ ಮಾಡಿದೆ.

“ಮದುವಿ ಆದ ಮ್ಯಾಲ ನೀ ಅವನ್ನ ಏನಂತ ಕರದಿ?” ಅವ್ವ ಕೇಳಿದಳು.

“ಏನೂ ಇಲ್ರಿ ಅಮ್ಮಾ. ಮಾಮಾ ಅಂತ ಬಾಯಿಗೆ ಬರ್ತಿತ್ತು, ನುಂಗತಿದ್ದೆ.”

“ನಾನೂ ಹಂಗ. ಒಂದ್ ವರ್ಷ ಏನೂ ಕರೀಲಿಲ್ಲ. ‘ಕೇಳಿಸ್ತೇನು’ ಅಂತಿದ್ದೆ, ಅಷ್ಟ.” ಅವ್ವ ಸಣ್ಣಗೆ ನಕ್ಕಳು. ನಗು ಅಲ್ಲೇ ನಿಂತಿತು. “ಇವಗ ಆರು ತಿಂಗಳು ಇದ್ದಾಗ ಡಾಕ್ಟರ್ ಹತ್ರ ಒಯ್ದಿದ್ದೆ, ಜ್ವರಕ್ಕ. ಕೂಸು ಸಪ್ಪಳಕ್ಕ ಹೊಳ್ಳಿ ನೋಡವಲ್ದು ಅಂತ ಅವರು ಕೇಳಿದ್ರು, ಗಂಡ ಹೆಂಡತಿ ಒಂದ ಮನೆತನದವರೇನು ಅಂತ. ನಾ ಅಲ್ಲ ಅಂದೆ. ಊರ ಬಿಟ್ಟು ಊರಿಗೆ ಬಂದು ಯಾರ ಮುಂದ ಹೇಳೂದು ಅಂತ, ಅಲ್ಲ ಅಂದೆ. ಹಂಗಾದ್ರ ಇರಲಿ, ದೊಡ್ಡಾವಾದ್ರ ಸರಿ ಹೋಗ್ತಾನ ಅಂದ್ರು ಅವರು.”

ಒಳಗೆ ನನ್ನ ಕೈಯಲ್ಲಿನ ಸೌಟು ನಿಂತಿತು.

“ನೀ ಬರಸಿದಿ” ಅಂದಳು ಅವ್ವ. “ನೀ ಶಾಣ್ಯಾಕಿ. ಬರಸಿದಿ ನೀ.”

ಅವಲಕ್ಕಿ ತಳ ಹಿಡಿಯಿತು. ಕೆರೆದು ತಟ್ಟೆಗಳಿಗೆ ಹಾಕಿ ಹೊರಗೆ ತಂದೆ. ಅವ್ವ ನನ್ನ ಮುಖ ನೋಡಲಿಲ್ಲ, ನಾನೂ ಅವಳದನ್ನು ನೋಡಲಿಲ್ಲ. ಎಲ್ಲರೂ ತಿಂದರು. ತಾಯಿ ಮತ್ತು ಕೂಸನ್ನು ಸ್ಟೇಶನ್ನಿನವರೆಗೆ ಬಿಟ್ಟು, ಭಾನುವಾರದ ಖಾಲಿ ಗಾಡಿಗೆ ಹತ್ತಿಸಿ ಬಂದೆ. ಬರುವಷ್ಟರಲ್ಲಿ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಹತ್ತಿರಲಿಲ್ಲ, ಉಸಿರಿನಿಂದ ಗೊತ್ತಾಗುತ್ತಿತ್ತು. ನಾನು ಹೋಗಿ ಅವಳ ಬೆನ್ನ ಹಿಂದೆ ಮಲಗಿದೆ, ಒಂದು ಕೈ ಅವಳ ತೋಳಿನ ಮೇಲೆ ಇಟ್ಟೆ. ಅವಳು ಅದನ್ನು ಸರಿಸಲಿಲ್ಲ. ನನಗೆ ಯಾವಾಗ ನಿದ್ದೆ ಬಂತೋ ತಿಳಿಯಲಿಲ್ಲ. ಎದ್ದಾಗ ಸಂಜೆಯಾಗಿತ್ತು, ತಮ್ಮ ಚಹಾ ಮಾಡಿ ತಂದಿದ್ದ.